ಮೊದಲು ಕೇಳಿದ್ದು, ಆಮೇಲೆ ಕೇಳಿದ್ದು

ವಿಲ್ಸನ್ ಗಾರ್ಡನ್ನಿನ ನಮ್ಮ ಮನೆಯಲ್ಲಿ, ಎರಡು ಧ್ವನಿವರ್ಧಕಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂಬ ಚರ್ಚೆ ಒಂದು ಸಂಜೆ ನಡೆಯಿತು. ಎರಡನ್ನೂ ತೆರೆಯ ಹಿಂದಿರಿಸಿ, ಒಂದೇ ಕೀರ್ತನೆಯನ್ನು ಒಂದಾದಮೇಲೊಂದರಲ್ಲಿ ನುಡಿಸಿದೆವು. ಎರಡನೆಯದೇ ಇಂಪೆಂದು ಎಲ್ಲರೂ ಒಪ್ಪಿದರು. ಯಾರಿಗೂ ತಿಳಿಸದೆ ಸರದಿಯನ್ನು ತಿರುಗಿಸಿ ನುಡಿಸಲು, ಆಗಲೂ ಎರಡನೆಯದಕ್ಕೇ ಮೆಚ್ಚುಗೆ ದೊರೆಯಿತು. ಹಾಗಾದರೆ ನಾವು ಪರೀಕ್ಷಿಸಿದ್ದು ಯಂತ್ರವನ್ನೋ, ಸರದಿಯನ್ನೋ?

ಈ ಪ್ರಶ್ನೆಗೆ ಒಂದೂವರೆ ಶತಮಾನಕ್ಕೂ ಮೀರಿದ ಚರಿತ್ರೆಯುಂಟು. ಜರ್ಮನಿಯ ಲೈಪ್‌ಜಿಗ್ ನಗರದ ಫೆಕ್ನರ್ ಎಂಬ ವಿದ್ವಾಂಸನು 1860ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎರಡು ತೂಕಗಳನ್ನು ಎತ್ತಿ ಹೋಲಿಸುವವನ ತೀರ್ಮಾನವು ಎತ್ತಿದ ಕ್ರಮವನ್ನೂ ಅನುಸರಿಸುತ್ತದೆಂದು ತೋರಿಸಿದನು. 1923ರಲ್ಲಿ ಕೋಹ್ಲರ್ ಎಂಬವನು ಇದೇ ವಿಚಾರವನ್ನು ಕಿವಿಯಲ್ಲಿ ಪರೀಕ್ಷಿಸಿದನು. ಎರಡು ಸದ್ದುಗಳ ನಡುವೆ ಕೆಲವು ಸೆಕೆಂಡುಗಳ ಬಿಡುವಿದ್ದರೆ ಎರಡನೆಯದೇ ದೊಡ್ಡದೆಂದು ತೋರುವುದು ಹೆಚ್ಚು. ಬಿಡುವು ತೀರ ಕಿರಿದಾದರೆ ಮೊದಲನೆಯದು. ಮೊದಲ ಸದ್ದು ಮನಸ್ಸಿನಲ್ಲಿ ಉಳಿಸಿದ ಸಂಸ್ಕಾರವು ಹೊತ್ತು ಕಳೆದಂತೆ ಕುಗ್ಗುವುದೇ ಇದಕ್ಕೆ ಕಾರಣವೆಂದು ಅವನ ಮತ.

ನಮ್ಮ ನಾಡಿನಲ್ಲಿ ಮನಶ್ಶಾಸ್ತ್ರವೂ ಬಾನುಲಿಯೂ ಒಬ್ಬರ ಆಶ್ರಯದಲ್ಲಿಯೇ ಬೆಳೆದುವು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ವ್ಯಾಸಂಗಮಾಡಿ ಬಂದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಸ್ಥಾಪಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಫಿಷರನು ಪ್ರಯೋಗಗಳ ರಚನೆಯನ್ನು ಕುರಿತು ಹೊರತಂದ ಗ್ರಂಥದಲ್ಲಿ ನಮ್ಮ ತೊಡಕಿಗೆ ಪರಿಹಾರವಿದ್ದಿತು. ಹಾಲನ್ನು ಮೊದಲು ಹಾಕಿದ ಚಹವನ್ನು ರುಚಿಯಿಂದಲೇ ಗುರುತಿಸಬಲ್ಲೆನೆಂಬ ಮಹಿಳೆಗೆ ಎಂಟು ಬಟ್ಟಲುಗಳನ್ನು ಕೊಡಬೇಕು. ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು. ಕೊಡುವ ಸರದಿಯನ್ನು ಮಾತ್ರ ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಡಬೇಕು. ಹೀಗೆ ಮಾಡಿದಲ್ಲಿ, ಬರಿಯ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ ಎಪ್ಪತ್ತರಲ್ಲಿ ಒಂದು ಮಾತ್ರ.

ಆದರೆ ಚೀಟಿಯಿಂದ ಎಲ್ಲ ಅನ್ಯಾಯವೂ ನೀಗುವುದೆಂದು ತಿಳಿಯಲಾಗದು. ಬ್ರಸೆಲ್ಸಿನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯಲ್ಲಿ ವಾದಕರ ಸರದಿಯನ್ನು ಚೀಟಿಯಿಂದಲೇ ಗೊತ್ತುಮಾಡುತ್ತಾರೆ. ಆದರೂ ಮೊದಲ ದಿನ ನುಡಿಸಿದವರಿಗೆ ಉನ್ನತ ಸ್ಥಾನ ದೊರೆಯುವುದು ಕಡಮೆಯೆಂದು ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ 1996ರಲ್ಲಿ ತೋರಿಸಿದರು. ಪರೀಕ್ಷೆಯನ್ನು ಹಲವು ಸಲ ನಡೆಸಿದಾಗ ಚೀಟಿಯು ಸರದಿಯ ದೋಷವನ್ನು ಎರಡು ಕಡೆಗೂ ಸಮನಾಗಿ ಹಂಚುತ್ತದೆ. ಒಂದೇ ಸಲ ನಡೆಯುವ ಸ್ಪರ್ಧೆಯಲ್ಲಿ ಆ ದೋಷ ಯಾರ ತಲೆಯ ಮೇಲೆ ಬೀಳಬೇಕೆಂಬುದನ್ನಷ್ಟೇ ನಿರ್ಣಯಿಸುತ್ತದೆ.

ಯಂತ್ರಗಳನ್ನು ನಾವು ಎಷ್ಟು ಸಲವಾದರೂ ಹಿಂದುಮುಂದು ಮಾಡಿ ಕೇಳಬಹುದು. ಅಂದು ಎರಡರಲ್ಲಿ ಭೇದ ಕಾಣದೆ, ಅಗ್ಗವಾದುದನ್ನೇ ಉಳಿಸಿಕೊಂಡೆವು. ಆದರೆ ವರ್ಷವಿಡೀ ಸಾಧನೆಮಾಡಿ, ಸ್ಪರ್ಧೆಯ ವೇದಿಕೆಯಲ್ಲಿ ಮೊದಲಿಗಳಾಗಿ ಹಾಡುವ ಹುಡುಗಿಗೆ ಎರಡನೆಯ ಸರದಿಯಿಲ್ಲ. ಆದುದರಿಂದ ತೀರ್ಪುಗಾರರಾಗಿ ಕುಳಿತಾಗ, ಸಾಧ್ಯವಾದರೆ ಧ್ವನಿಮುದ್ರಣಗಳನ್ನು ಸರದಿ ತಿರುಗಿಸಿ ಮತ್ತೊಮ್ಮೆ ಕೇಳೋಣ. ಆಗದಿದ್ದರೆ, ಅಂಕಗಳನ್ನು ಬರೆಯುವ ಮುನ್ನ ನಮ್ಮ ಕಿವಿಯನ್ನೇ ಕೊಂಚ ಸಂಶಯಿಸೋಣ.