ಹದಿನಾರು ಕುದುರೆಗಳ ಛೋಟಾ ಹಾಥಿ

ಕಳೆದ ತಿಂಗಳು ಒಂದು ಮಂಗಳವಾರ, ಕ್ಲೈಂಟ್ ಕಾಲ್ ನಡುವೆ ಧಾರವಾಡದಿಂದ ತಮ್ಮನ ಫೋನು. ಎರಡು ಸಲ ಕಟ್ ಮಾಡಿದೆ. ಮೂರನೆಯ ಸಲ ಗಾಬರಿಯಾಗಿ ಎತ್ತಿದರೆ, "ಅಣ್ಣಾ, ನೀ ಎಂಟೆಕ್ ಮಾಡೀಯಲ್ಲ, ಒಂದ್ ಮಾತು ಹೇಳು. ಸಣ್ಣ ಮಾಲಿನ ಗಾಡಿ ತಗೋಬೇಕಂತ ಮಾಡೀನಿ. ಎಷ್ಟು ಪವರಿಂದು ಇದ್ರ ಅರಬೈಲ್ ಘಟ್ಟ ಏರ್ತದ?" ಅಂದ.

ನಾನು ಎಂಟೆಕ್ ಮಾಡಿದ್ದು ಮಷೀನ್ ಡಿಸೈನ್‌ನಲ್ಲಿ. ಆಮೇಲೆ ಹದಿನೆಂಟು ವರ್ಷ ಪುಣೆಯಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಶೆಡ್ಯೂಲ್ ನೋಡಿಕೊಂಡಿದ್ದೇನೆ. ಆದರೆ ಊರಿನವರ ಲೆಕ್ಕದಲ್ಲಿ ಎಂಟೆಕ್ ಅಂದರೆ ಎಂಟೆಕ್. ಫ್ರಿಜ್ ಕೆಟ್ಟರೂ ನನ್ನನ್ನೇ ಕೇಳುತ್ತಾರೆ.

ತಮ್ಮನ ಯೋಜನೆ ಸರಳ. ಧಾರವಾಡದ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬಡಿಯುವ ಖಡಕ್ ರೊಟ್ಟಿಯನ್ನು ಯಲ್ಲಾಪುರದ ದಾರಿಯಲ್ಲಿ ಅಂಕೋಲಾ, ಕಾರವಾರದ ಅಂಗಡಿಗಳಿಗೆ ಹಾಕುವುದು. ಬರುವಾಗ ಖಾಲಿ ಬರಬಾರದಲ್ಲ, ತೆಂಗಿನಕಾಯಿ ತರುವುದು. ಹೋಗುವಾಗ ಹಗುರವಾದ ಮಾಲು, ಘಟ್ಟ ಇಳಿಜಾರು. ಬರುವಾಗ ಭಾರವಾದ ಮಾಲು, ಘಟ್ಟ ಏರು. ಅಂದರೆ ಅವನ ಇಡೀ ವ್ಯಾಪಾರ ನಿಂತಿರುವುದು ವಾಪಸು ಬರುವಾಗಿನ ಕೆಲವೇ ಕಿಲೋಮೀಟರುಗಳ ಮೇಲೆ.

ಆ ಘಟ್ಟ ನಮ್ಮ ಮನೆಗೆ ಹೊಸದಲ್ಲ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಗೆಳೆಯರೊಬ್ಬರ ಜೊತೆ ಪಾಲಿನಲ್ಲಿ ಒಂದು ಹಳೆಯ ವ್ಯಾನ್ ಕೊಂಡಿದ್ದರು. ಯಾವ ಕಂಪನಿಯದು ಅನ್ನುವುದು ಬೇಡ, ತಪ್ಪು ಅದರದಲ್ಲ. ರಜೆಯಲ್ಲಿ ನನ್ನನ್ನೂ ಕರೆದೊಯ್ಯುತ್ತಿದ್ದರು. ನನ್ನ ಕೆಲಸ ಒಂದೇ. ಏರಿನಲ್ಲಿ ಗಾಡಿ ಉಸಿರು ಬಿಡುತ್ತಿದ್ದಂತೆ ಜಿಗಿದು ಹಿಂದಿನ ಗಾಲಿಗೆ ಕಲ್ಲು ಕೊಡುವುದು. ಎಂಜಿನ್ ತಣ್ಣಗಾಗುವವರೆಗೆ ಕೂತು ಚುರುಮುರಿ ತಿನ್ನುವುದು, ಮತ್ತೆ ಹತ್ತುವುದು. ನನಗೆ ಅದು ಆಟವಾಗಿತ್ತು. ಒಂದು ಮಳೆಗಾಲದ ಸಂಜೆ ಕ್ಲಚ್ ಸುಟ್ಟು ವಾಸನೆ ಬಂತು, ಗಾಡಿ ಅಲ್ಲೇ ನಿಂತಿತು. ಮೇಲಿನ ತಾಡಪತ್ರಿ ಹರಿದಿತ್ತು. ಬೆಳಗಾಗುವಷ್ಟರಲ್ಲಿ ಕೊಬ್ಬರಿ ಪೂರ್ತಿ ನೆನೆದಿತ್ತು. ಆ ವರ್ಷವೇ ಗಾಡಿ ಮಾರಿದರು. ಸಾಲ ಮಾತ್ರ ನಾನು ಪಿಯುಸಿಗೆ ಬರುವವರೆಗೂ ಉಳಿಯಿತು.

ಹಾಗಾಗಿ ತಮ್ಮನಿಗೆ "ನೋಡಿ ಹೇಳ್ತೀನಿ" ಅಂದವನು ನಿಜವಾಗಿಯೂ ನೋಡಲು ಕೂತೆ. ಮೂರು ವಾರಾಂತ್ಯ ಹೋಯಿತು. ಮಾಲಿನ ವ್ಯಾನಿಗೆ ಎಷ್ಟು ಶಕ್ತಿ ಸಾಕು ಅನ್ನುವುದನ್ನು ಬೇರೆ ಬೇರೆ ಕಾಲದಲ್ಲಿ ಯಾರು, ಹೇಗೆ ತೀರ್ಮಾನಿಸಿದರು ಎಂದು ಹುಡುಕುತ್ತ ಹೋದರೆ, ಹೆಚ್ಚಿನ ಸಲ ಆ ತೀರ್ಮಾನದಲ್ಲಿ ಘಟ್ಟವೇ ಇರಲಿಲ್ಲ.

ನಮ್ಮ ಭಾಷೆಯಲ್ಲೇ ಇರುವ ಎರಡು ಪದಗಳಿಂದ ಶುರು ಮಾಡೋಣ: ಟೆಂಪೋ, ಮೆಟಡೋರ್. ಎರಡೂ ಬ್ರ್ಯಾಂಡ್ ಹೆಸರುಗಳು, ಎರಡೂ ನಮ್ಮಲ್ಲಿ ಜಾತಿವಾಚಕವಾದವು. ಟೆಂಪೋ ಅನ್ನುವುದು ಹಾಂಬುರ್ಗ್ ನಗರದ ವಿಡಾಲ್ ಕಂಪನಿಯ ಗಾಡಿ. 1920ರ ದಶಕದ ಕೊನೆಯಿಂದ ಜರ್ಮನಿಯಲ್ಲಿ ಸಣ್ಣ ಎಂಜಿನ್ನಿನ ಮೂರು ಗಾಲಿಯ ಗಾಡಿಗಳಿಗೆ ತೆರಿಗೆ, ಲೈಸೆನ್ಸುಗಳ ರಿಯಾಯಿತಿ ಇತ್ತು. 200 ಸಿಸಿ ದಾಟಬಾರದು, ಅಷ್ಟೇ. ಹಾಗಾಗಿ ಕಿರಾಣಿ ಅಂಗಡಿಯವನಿಗೆ, ಬೇಕರಿಯವನಿಗೆ ಬೇಕಾದ ಗಾಡಿಯ ಎಂಜಿನ್ ಎಷ್ಟಿರಬೇಕು ಎಂದು ಹೇಳಿದ್ದು ಹಿಟ್ಟಿನ ಚೀಲವಲ್ಲ, ಸರಕಾರದ ಕಾನೂನು. ಯುದ್ಧದ ನಂತರ 1949ರಲ್ಲಿ ಬಂದ ಹಾನ್ಸಿಯಾಟ್ ಮಾದರಿಗೆ ಸುಮಾರು 400 ಸಿಸಿಯ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಹಾಕಿದರು. 1958ರಲ್ಲಿ ಬಜಾಜ್ ಟೆಂಪೋ ಭಾರತದಲ್ಲಿ ಅದನ್ನೇ ಕಟ್ಟಲು ಶುರು ಮಾಡಿತು. ಜರ್ಮನಿಯಲ್ಲಿ ನಿಂತುಹೋದ ಮೇಲೂ ದಶಕಗಳ ಕಾಲ ಇಲ್ಲಿ ಓಡಿತು. ನಾನು ಈಗ ಇರುವ ಪುಣೆಯ ಆಕುರ್ಡಿಯಲ್ಲೇ ಅದರ ಕಾರ್ಖಾನೆ. ಆ ಗಾಡಿಯ ಎಂಜಿನ್ನೂ ಮುಂದೆ, ತಿರುಗುವ ಗಾಲಿಯೂ ಮುಂದೆ. ಏರಿನಲ್ಲಿ ಮಾಲಿನ ಭಾರ ಹಿಂದಕ್ಕೆ ಸರಿದಾಗ ಮುಂದಿನ ಒಂಟಿ ಗಾಲಿಗೆ ಹಿಡಿತವೇ ಕಡಿಮೆಯಾಗುತ್ತದೆ. ಎಂಜಿನ್ ಎಷ್ಟೇ ದೊಡ್ಡದಿದ್ದರೂ ಗಾಲಿ ರಸ್ತೆಯನ್ನು ಹಿಡಿಯದಿದ್ದರೆ ಕುದುರೆಗಳ ಉಪಯೋಗವೇನು?

ಇದಕ್ಕೆ ಜಾಣ ಉತ್ತರ ಕೊಟ್ಟದ್ದು ಫೋಕ್ಸ್‌ವ್ಯಾಗನ್. 1947ರಲ್ಲಿ ಬೆನ್ ಪೊನ್ ಎಂಬ ಡಚ್ ವ್ಯಾಪಾರಿ ಪೆಟ್ಟಿಗೆಯಂಥ ಒಂದು ಗಾಡಿಯ ಚಿತ್ರ ಗೀಚಿದ. ಚಾಲಕ ಮುಂದೆ, ಎಂಜಿನ್ ಹಿಂದೆ, ಮಾಲು ನಡುವೆ. 1950ರಲ್ಲಿ ಗಾಡಿ ಬಂತು. ಎಂಜಿನ್ ಬೀಟಲ್ ಕಾರಿನದ್ದೇ, 1131 ಸಿಸಿ, 25 ಅಶ್ವಶಕ್ತಿ. ಮುಕ್ಕಾಲು ಟನ್ ಮಾಲಿಗೆ 25 ಕುದುರೆ! ಎಂಜಿನ್ ದೊಡ್ಡದು ಮಾಡಲು ಹಣವೂ ಇರಲಿಲ್ಲ, ಬೇರೆ ಎಂಜಿನ್ನೂ ಇರಲಿಲ್ಲ. ಅವರು ಮಾಡಿದ್ದು ಇಷ್ಟೇ: ಯುದ್ಧಕಾಲದ ಕ್ಯೂಬೆಲ್‌ವ್ಯಾಗನ್ ಎಂಬ ಮಿಲಿಟರಿ ಗಾಡಿಯ ಹಿಂದಿನ ಗಾಲಿಗಳ ಬಳಿ ಇದ್ದ ಹೆಚ್ಚುವರಿ ಗೇರುಗಳನ್ನು ಇದಕ್ಕೆ ತಂದು ಕೂಡಿಸಿದರು. ಗಾಲಿ ನಿಧಾನವಾಗಿ ತಿರುಗುತ್ತದೆ, ಆದರೆ ಹೆಚ್ಚು ಬಲದಿಂದ ತಿರುಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಾಡಿ ಏರುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಗಾಲಿಯ ಬಳಿ ಸಿಗುವ ನೂಕುಬಲ, ಅಂದರೆ ಎಂಜಿನ್ನಿನ ಟಾರ್ಕ್ ಮತ್ತು ಮೊದಲ ಗೇರು ಸೇರಿ ಕೊಡುವುದು. ಎಷ್ಟು ಬೇಗ ಏರುತ್ತದೆ ಎಂಬುದನ್ನು ನಿರ್ಧರಿಸುವುದು ಅಶ್ವಶಕ್ತಿ. ಸಾಕಷ್ಟು ಸಣ್ಣ ಗೇರು ಕೊಟ್ಟರೆ ಹೊಲಿಗೆ ಯಂತ್ರದ ಮೋಟಾರೂ ಘಟ್ಟ ಏರೀತು, ಸಂಕ್ರಾಂತಿಗೆ ಹೊರಟರೆ ಯುಗಾದಿಗೆ ತಲುಪೀತು. ಅಪ್ಪನ ವ್ಯಾನ್ ನಿಂತದ್ದು ಕುದುರೆ ಕಡಿಮೆಯಾಗಿ ಅಲ್ಲ. ಮುಕ್ಕಾಲು ಟನ್ನಿಗೆಂದು ಲೆಕ್ಕ ಹಾಕಿದ ಮೊದಲ ಗೇರಿನ ಮೇಲೆ ಒಂದೂವರೆ ಟನ್ ಹೇರಿದ್ದರಿಂದ, ಚಾಲಕ ಅರ್ಧ ಕ್ಲಚ್ಚಿನಲ್ಲೇ ಘಟ್ಟ ಏರಿಸುತ್ತಿದ್ದ. ಇದು ನನಗೆ ಅರ್ಥವಾದದ್ದು ನಲವತ್ತು ದಾಟಿದ ಮೇಲೆ. ಡಿಗ್ರಿ ಇಪ್ಪತ್ತು ವರ್ಷ ಹಳೆಯದು.

ಬ್ರಿಟನ್ನಿನ ಫೋರ್ಡ್ ಟ್ರಾನ್ಸಿಟ್‌ನ ಕಥೆ ಇನ್ನೂ ಸ್ವಾರಸ್ಯ. 1965ರಲ್ಲಿ ಬಂದ ಈ ವ್ಯಾನಿನ ಮೂತಿ ಮೊಂಡು, ಒಳಗೆ ಮಾಲಿಗೆ ಹೆಚ್ಚು ಜಾಗ ಸಿಗಲಿ ಎಂದು. ಆ ಗಿಡ್ಡ ಮೂತಿಯೊಳಗೆ ಹಿಡಿಸುವಂಥ ವಿ ಆಕಾರದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಡೀಸೆಲ್ ಬೇಕೆಂದವರಿಗೆ ಪರ್ಕಿನ್ಸ್ ಕಂಪನಿಯ 43 ಅಶ್ವಶಕ್ತಿಯ ಎಂಜಿನ್ ತಂದರು. ಅದರ ಸಿಲಿಂಡರುಗಳು ಸಾಲಾಗಿ ನಿಂತಿದ್ದವು, ಉದ್ದ ಹೆಚ್ಚಾಯಿತು. ಅದನ್ನು ಹಿಡಿಸಲು ಮೂತಿಯನ್ನು ಮುಂದಕ್ಕೆ ಎಳೆದು, ಜನ ಅದಕ್ಕೆ ಹಂದಿಮೂತಿ ಎಂದು ಹೆಸರಿಟ್ಟರು. ಇಷ್ಟೆಲ್ಲ ಮಾಡಿಯೂ ಶಕ್ತಿ ಸಾಲಲಿಲ್ಲ. ಯಾರೂ ಇಷ್ಟಪಡಲಿಲ್ಲ. 1972ರಲ್ಲಿ ಫೋರ್ಡ್ ತನ್ನದೇ ಡೀಸೆಲ್ ಎಂಜಿನ್ ಹಾಕಿತು. ಏಳು ವರ್ಷ ಆ ಹಂದಿಮೂತಿಯಲ್ಲಿ ಮಾಲು ಸಾಗಿಸಿದವರ ಬಗ್ಗೆ ನನಗೆ ಅನುಕಂಪವಿದೆ.

ಜಪಾನಿನಲ್ಲಿ ಮತ್ತೆ ತೆರಿಗೆಯ ಕಾಯಿದೆಯೇ. ಅಲ್ಲಿನ ಸಣ್ಣ ಗಾಡಿಗಳ ಮಿತಿ ಮೊದಲು 360 ಸಿಸಿ, 1976ರಲ್ಲಿ 550, 1990ರಲ್ಲಿ 660. ಆ ವಂಶದ ಸುಜುಕಿ ಕ್ಯಾರಿಯೇ ಸ್ವಲ್ಪ ದೊಡ್ಡ, 796 ಸಿಸಿ ಎಂಜಿನ್ ಹೊತ್ತು 1984ರಲ್ಲಿ ನಮ್ಮಲ್ಲಿ ಮಾರುತಿ ವ್ಯಾನ್ ಆಯಿತು. ನಮ್ಮೂರಲ್ಲಿ ಅದು ಶಾಲೆಯ ಮಕ್ಕಳನ್ನು ಹೊತ್ತಷ್ಟೇ ಹಾಲಿನ ಕ್ಯಾನನ್ನೂ ಹೊತ್ತಿತು.

ಇನ್ನು ಛೋಟಾ ಹಾಥಿ. ಪುಣೆಯಲ್ಲಿ ಟಾಟಾ ಏಸ್ ಗಾಡಿಗೆ ಜನ ಇಟ್ಟ ಹೆಸರು ಅದು. ಮೂರು ಗಾಲಿಯ ಮಾಲಿನ ಆಟೋಗಳ ಮಾರುಕಟ್ಟೆಗೆ ನಾಲ್ಕು ಗಾಲಿಯದ್ದೊಂದು ಬೇಕೆಂದು ಕಂಪನಿ ಗಿರೀಶ್ ವಾಘ್ ಎಂಬ ತರುಣ ಎಂಜಿನಿಯರಿಗೆ ಕೆಲಸ ವಹಿಸಿತು. ಅವರ ತಂಡ ಮೊದಲು ಮಾಡಿದ್ದು ಆಟೋ ಓಡಿಸುವವರನ್ನು ಮಾತಾಡಿಸುವುದು. ಅದರಲ್ಲೊಂದು ಪ್ರಸಂಗ ಈಗ ಮ್ಯಾನೇಜ್‌ಮೆಂಟ್ ತರಗತಿಗಳಲ್ಲೆಲ್ಲ ಓಡಾಡುತ್ತದೆ. ಒಬ್ಬ ಹುಡುಗ ಹೇಳಿದನಂತೆ, ನಾಲ್ಕು ಗಾಲಿಯ ಗಾಡಿ ಇದ್ದರೆ ನನಗೆ ಒಳ್ಳೆಯ ಸಂಬಂಧ ಬರುತ್ತದೆ ಎಂದು. ಹದಿನೆಂಟು ವರ್ಷದಲ್ಲಿ ನನ್ನ ಯಾವ ಕ್ಲೈಂಟೂ ಬೇಕಾದದ್ದನ್ನು ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ಎಂಜಿನ್ನಿಗೆ ಅವರು ಕಂಡುಕೊಂಡ ದಾರಿ ಮನೆಯ ಒಳಗೇ ಇತ್ತು. ಇಂಡಿಕಾ ಕಾರಿನ ಡೀಸೆಲ್ ಎಂಜಿನ್ 1405 ಸಿಸಿ, ನಾಲ್ಕು ಸಿಲಿಂಡರು. ಅದನ್ನು ಅರ್ಧ ಮಾಡಿದರು. ಎರಡು ಸಿಲಿಂಡರು, 702 ಸಿಸಿ, 16 ಅಶ್ವಶಕ್ತಿ. ಎರಡು ಸಿಲಿಂಡರಿನ ಡೀಸೆಲ್ ನಡುಗುತ್ತದೆ, ಹಳೆಯ ಏಸ್‌ನಲ್ಲಿ ಕೂತವರಿಗೆ ಗೊತ್ತು, ಹಲ್ಲು ಕಟಕಟ. ಆದರೆ ಬೆಲೆ ಇಳಿಯಿತು, ತೂಕ ಇಳಿಯಿತು, ಡೀಸೆಲ್ ಉಳಿಯಿತು. 2005ರ ಮೇ ತಿಂಗಳಲ್ಲಿ ಸುಮಾರು ಎರಡೂಕಾಲು ಲಕ್ಷಕ್ಕೆ ಮಾರುಕಟ್ಟೆಗೆ ಬಂತು. 2012ರ ಹೊತ್ತಿಗೆ ಹತ್ತು ಲಕ್ಷ ಗಾಡಿ ಹೋಗಿದ್ದವು. ಫೋಕ್ಸ್‌ವ್ಯಾಗನ್ 55 ವರ್ಷ ಮೊದಲು 25 ಕುದುರೆ ಕೊಟ್ಟ ಅದೇ ಮುಕ್ಕಾಲು ಟನ್ನಿಗೆ ಇವರು 16 ಸಾಕು ಅಂದರು!

ಸಾಕೇ? ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಗಾಡಿ, ಮಾಲು ಸೇರಿ ಸುಮಾರು ಒಂದೂವರೆ ಟನ್. ಸಪಾಟು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ಓಡಲು, ಗಾಳಿಯ ತಡೆ, ಟೈರಿನ ತಡೆ ಎರಡೂ ಸೇರಿ ಏಳೆಂಟು ಅಶ್ವಶಕ್ತಿ ಸಾಕಾಗುತ್ತದೆ. ಅಂದರೆ ಹಡಪ್ಸರದ ಮಂಡಿಯಿಂದ ಕೋಥ್ರೂಡಿಗೆ ಈರುಳ್ಳಿ ಹೊರುವವನಿಗೆ 16 ಧಾರಾಳ. ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಅದೇ ಗಾಡಿ ಪೂರ್ತಿ ದಮ್ಮು ಕಟ್ಟಿದರೂ ಗಂಟೆಗೆ ಇಪ್ಪತ್ತರ ಆಸುಪಾಸು. ಹಿಂದೆ ಬಸ್ಸು ಹಾರ್ನ್ ಹಾಕುತ್ತಿರುತ್ತದೆ, ಆದರೂ ಏರುತ್ತದೆ. ಏಸ್ ಮಾಡಿದವರು ಈ ಗಾಡಿ ಊರೊಳಗೆ ಓಡುವುದು ಎಂದು ತೀರ್ಮಾನಿಸಿದ್ದರು, ಆ ತೀರ್ಮಾನಕ್ಕೆ ತಕ್ಕ ಎಂಜಿನ್ ಕೊಟ್ಟರು. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ತೊಂದರೆ ಇರುವುದು ಕೊಂಡವನು ಅದನ್ನು ಊರ ಹೊರಗೆ, ಎರಡು ಪಟ್ಟು ಹೇರಿ ಓಡಿಸಿದಾಗ. ನಮ್ಮ ದೇಶದಲ್ಲಿ ಎಲ್ಲರೂ ಓಡಿಸುವುದು ಹಾಗೆಯೇ, ಕಂಪನಿಗೂ ಅದು ಗೊತ್ತಿರುತ್ತದೆ.

ಇದರ ತಮ್ಮನೊಬ್ಬ ನಮ್ಮ ಧಾರವಾಡದಲ್ಲೇ ತಯಾರಾದ: ಏಸ್ ಜಿಪ್, ಒಂದೇ ಸಿಲಿಂಡರ್, 611 ಸಿಸಿ, 11 ಅಶ್ವಶಕ್ತಿ. ಅದರ ಹೆಸರು ಹೇಳಿದ್ದಕ್ಕೇ ತಮ್ಮ, "ಅದು ಬ್ಯಾಡ ಬಿಡಣ್ಣಾ" ಅಂದ. ಊರಿನದು ಅಂತ ಅಭಿಮಾನ ಇರಬೇಕು, ಘಟ್ಟಕ್ಕೆ ಅಭಿಮಾನ ಸಾಲದು.

ಈಗ ಅವನ ಮುಂದೆ ಇದ್ದದ್ದು ಮೂರು. ಸೆಕೆಂಡ್ ಹ್ಯಾಂಡಿನ ಹಳೆಯ 16 ಕುದುರೆಯ ಡೀಸೆಲ್. 694 ಸಿಸಿಯ ಪೆಟ್ರೋಲ್ ಮಾದರಿ, 30 ಕುದುರೆ. ಬ್ಯಾಟರಿಯದು, 36 ಕುದುರೆ. ಡೀಸೆಲ್ಲಿನ ಟಾರ್ಕ್ 38 ನ್ಯೂಟನ್ ಮೀಟರ್, ಪೆಟ್ರೋಲಿನದು 55, ಬ್ಯಾಟರಿಯದು 130 ಎಂದು ನೋಡಿ ಹೌಹಾರಬೇಕಿಲ್ಲ. ಬ್ಯಾಟರಿ ಗಾಡಿಗೆ ಬದಲಿಸುವ ಗೇರುಗಳಿಲ್ಲ, ಉಳಿದವಕ್ಕೆ ಮೊದಲ ಗೇರು ಆ ಅಂಕಿಯನ್ನು ಹಲವು ಪಟ್ಟು ಮಾಡುತ್ತದೆ. ಘಟ್ಟಕ್ಕೆ ಬ್ಯಾಟರಿಯದು ನನಗೆ ಇಷ್ಟವಾಯಿತು, ಆದರೆ ಕಂಪನಿ ಹೇಳುವ ದೂರವೇ ಒಂದು ಚಾರ್ಜಿಗೆ 154 ಕಿಲೋಮೀಟರ್. ಅಂಕೋಲಾಕ್ಕೆ ಹೋಗಿ ಬರಲು ಸಾಲದು.

"ಎಷ್ಟು ಕಾಯಿ ಹಾಕ್ತಿ?" ಎಂದು ಕೇಳಿದೆ.

"ಎರಡು ಸಾವಿರ ಹಾಕಿದ್ರ ಟ್ರಿಪ್ಪಿಗೆ ನಾಕು ರೂಪಾಯಿ ಉಳೀತದ."

ಸುಲಿದ ಕಾಯಿ ಅರ್ಧ ಕೆಜಿ ಹಿಡಿದರೂ 1500 ಕಾಯಿಗೆ 750 ಕೆಜಿ. ಎರಡು ಸಾವಿರಕ್ಕೆ ಒಂದು ಟನ್. ಆ 500 ಕಾಯಿಯಲ್ಲೇ ಅವನ ಲಾಭವಿದೆ, ಆ 500 ಕಾಯಿಯಲ್ಲೇ ಅಪ್ಪನ ಕ್ಲಚ್ಚೂ ಇದೆ. 1500ಕ್ಕೆ ಲೆಕ್ಕ ಕೂರುವಂತಿದ್ದರೆ ಪೆಟ್ರೋಲಿನದು ತಗೋ, ಇಲ್ಲದಿದ್ದರೆ ಸಾಲ ಹೆಚ್ಚಾದರೂ ಇದರ ಮೇಲಿನ ದರ್ಜೆಯ ಗಾಡಿ ನೋಡು ಅಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೊಬ್ಬರಿ ನೆನೆದಾಗ ಅವನು ತೊಟ್ಟಿಲಲ್ಲಿದ್ದ, ಅವನಿಗೆ ಗೊತ್ತಿರುವುದು ಸಾಲದ ಕಥೆ ಮಾತ್ರ.

ಮಾಲು ಹೇರಿ ಟೆಸ್ಟ್ ಡ್ರೈವ್ ಕೇಳು ಎಂದೂ ಹೇಳಿದ್ದೆ. ಶೋರೂಮಿನವರು ನಕ್ಕರಂತೆ. ಈಗ ಕಲಘಟಗಿಯ ಪರಿಚಯದವರೊಬ್ಬರ ಹತ್ತಿರ ಅದೇ ಪೆಟ್ರೋಲ್ ಗಾಡಿ ಇದೆ, ಭಾನುವಾರ ಅದರಲ್ಲಿ ಅಂಕೋಲಾದಿಂದ ಕಾಯಿ ಹೇರಿಕೊಂಡು ಬರುತ್ತಾನೆ. 1500 ಎಣಿಸಿ ಹಾಕಿಸು, ಘಟ್ಟದ ನಡುವೆ ಏರಿನಲ್ಲಿ ಒಮ್ಮೆ ಬೇಕೆಂದೇ ನಿಲ್ಲಿಸಿ ಮತ್ತೆ ಎತ್ತು, ಕ್ಲಚ್ ವಾಸನೆ ಬರುತ್ತದೇನು ನೋಡು, ಮೇಲೆ ಹತ್ತಿದ ಮೇಲೆ ಫೋನ್ ಮಾಡು ಅಂದಿದ್ದೇನೆ.

"ಆತು" ಅಂದ. "ಕಲ್ಲು ಇಟ್ಕೊಳ್ಳಲೇನು?"

ಇಟ್ಕೋ ಅಂದೆ.