ಹರಾಜುಕಟ್ಟೆಗೆ ಬಂದ ಗಾಳ

ಹರಾಜು ನಮಗೆ ಹೊಸತಲ್ಲ. ಮಾಲು ಕಣ್ಣೆದುರಿಗಿರುತ್ತದೆ, ಕೂಗುವವನ ದನಿ ಕಿವಿಗೆ ಬೀಳುತ್ತದೆ. ಅಂತರ್ಜಾಲದ ಹರಾಜಿನಲ್ಲಿ ಇವೆರಡೂ ಇಲ್ಲ. 1995ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಅವರು ‘ಆಕ್ಷನ್ ವೆಬ್’ ತಾಣವನ್ನು ತೆರೆದಾಗ, ಮುಖ ಕಾಣದ ಮಾರಾಟಗಾರನನ್ನು ನಂಬುವುದು ಹೇಗೆಂಬ ಪ್ರಶ್ನೆ ಎದ್ದಿತು. ವ್ಯವಹಾರ ಮುಗಿದ ಮೇಲೆ ಒಬ್ಬರ ಬಗ್ಗೆ ಇನ್ನೊಬ್ಬರು ಎಲ್ಲರಿಗೂ ಕಾಣುವಂತೆ ಅಭಿಪ್ರಾಯ ಬರೆಯುವ ಪದ್ಧತಿಯನ್ನು ಅವರು 1996ರಲ್ಲಿ ಜಾರಿಗೆ ತಂದರು. 1997ರಲ್ಲಿ ‘ಈಬೇ’ ಎಂಬ ಹೆಸರು ಪಡೆದ ಆ ತಾಣದಲ್ಲಿ, ಹೀಗೆ ಕೂಡಿಟ್ಟ ಒಳ್ಳೆಯ ಹೆಸರೇ ಸದಸ್ಯನ ಬಂಡವಾಳವಾಯಿತು.

ಕಳ್ಳರ ಕಣ್ಣು ಬಿದ್ದದ್ದು ಈ ಬಂಡವಾಳದ ಮೇಲೆ. ಅಮೆರಿಕ ಆನ್‌ಲೈನ್ ಸಂಸ್ಥೆಯ ಚಂದಾದಾರರ ಗುಪ್ತಪದ ಕದಿಯುವ ಕೈಚಳಕಕ್ಕೆ 1990ರ ದಶಕದ ನಡುವಿನಲ್ಲೇ ‘ಫಿಶಿಂಗ್’ ಎಂಬ ಹೆಸರು ಬಿದ್ದಿತ್ತು; ಗಾಳ ಹಾಕುವುದೆಂದೇ ಅದರ ಭಾವ. ಮುಂದಿನ ದಶಕದಲ್ಲಿ ಈ ಗಾಳ ಹರಾಜುಕಟ್ಟೆಗೂ ಬಂತು. ‘ನಿಮ್ಮ ಖಾತೆ ರದ್ದಾಗಲಿದೆ, ಕೂಡಲೇ ವಿವರ ಕೊಡಿ’ ಎಂದು ಒಂದು ಪತ್ರ. ‘ಗೆದ್ದವರು ಹಿಂದೆ ಸರಿದಿದ್ದಾರೆ, ಮಾಲು ನಿಮಗೇ’ ಎಂದು ಸೋತವರಿಗೆ ಇನ್ನೊಂದು. ಪತ್ರದ ಕೊಂಡಿ ಒತ್ತಿದರೆ ತದ್ರೂಪು ನಕಲಿ ಪುಟ; ಅಲ್ಲಿ ಬರೆದ ಗುಪ್ತಪದ ಕಳ್ಳನ ಪಾಲು. ಆ ಸದಸ್ಯನ ಹೆಸರಿನಲ್ಲಿ ಅವನು ಇಲ್ಲದ ಮಾಲನ್ನು ಮಾರಾಟಕ್ಕಿಡುತ್ತಿದ್ದ. ಹೀಗೆ ಒಂದೇ ಪತ್ರಕ್ಕೆ ಇಬ್ಬರು ಬಲಿ: ಹೆಸರು ಕಳೆದುಕೊಂಡವನೊಬ್ಬ, ಆ ಹೆಸರನ್ನು ನಂಬಿ ಹಣ ಕಳೆದುಕೊಂಡವನೊಬ್ಬ.

ಅವಸರಪಡಿಸುವುದು, ಹೆಸರು ಹಿಡಿಯದೆ ‘ಪ್ರಿಯ ಸದಸ್ಯರೇ’ ಎನ್ನುವುದು, ಗುಪ್ತಪದ ಕೇಳುವುದು—ಇವು ಇಂಥ ಪತ್ರದ ಲಕ್ಷಣಗಳು. ಆದರೆ ಅಚ್ಚುಕಟ್ಟಾಗಿ ಬರೆಯಬಲ್ಲ ವಂಚಕರೂ ಇದ್ದಾರೆ. ಆದ್ದರಿಂದ ಖಾತೆಗೆ ಸಂಬಂಧಿಸಿದ ನಿಜವಾದ ಪತ್ರದ ಪ್ರತಿಯನ್ನು ಸದಸ್ಯರ ಖಾತೆಯೊಳಗಿನ ಸಂದೇಶ ಪೆಟ್ಟಿಗೆಯಲ್ಲೂ ಇಡುವ ಕ್ರಮವನ್ನು ಈಬೇ ತಂದಿತು. ಕೊಂಡಿಯನ್ನು ಮುಟ್ಟದೆ, ತಾಣದ ವಿಳಾಸವನ್ನು ನಾವೇ ಬರೆದು ಒಳಹೊಕ್ಕು ನೋಡಬೇಕು. ಅಲ್ಲಿ ಪ್ರತಿ ಇಲ್ಲದಿದ್ದರೆ ಪತ್ರವನ್ನು ನಂಬಬಾರದು. ದೂರು ಕಳಿಸಲೆಂದೇ ‘ಸ್ಪೂಫ್’ ಹೆಸರಿನ ವಿಳಾಸವನ್ನೂ ಅದು ತೆರೆಯಿತು. ನಕಲಿ ಪುಟವನ್ನು ತೆಗೆಸಬೇಕಾದರೆ ಮೊದಲು ಯಾರಾದರೂ ತಿಳಿಸಬೇಕಷ್ಟೆ.

ಈಬೇ 2004ರಲ್ಲಿ ನಮ್ಮ ದೇಶದ ‘ಬಾಝೀ’ ತಾಣವನ್ನು ಕೊಂಡು ಇಲ್ಲಿಗೂ ಬಂದಿತು. ಆ ಭಾರತೀಯ ತಾಣ 2018ರಲ್ಲಿ ಮುಚ್ಚಿತು. ಗಾಳ ಮಾತ್ರ ಉಳಿದಿದೆ. 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ, ನಾಸ್ಕಾಂ ಹೂಡಿದ ದಾವೆಯಲ್ಲಿ, ಫಿಶಿಂಗ್ ಕಾನೂನುಬಾಹಿರವೆಂದು ಸಾರಿತು. 2008ರ ತಿದ್ದುಪಡಿಯಿಂದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ಸೇರಿದ 66ಡಿ ಕಲಮಿನಂತೆ, ಕಂಪ್ಯೂಟರಿನ ಮೂಲಕ ಪರವೇಷದ ವಂಚನೆಗೆ 3 ವರ್ಷದವರೆಗೆ ಸೆರೆವಾಸ ಉಂಟು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರವಾಣಿ ಮಾಡಬೇಕು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಮುಖವೇ ಕಾಣದ ಪೇಟೆಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಬೆಲೆ.