ಯಾರ ಕಂಪ್ಯೂಟರ್? ಯಾರ ಗುಟ್ಟು?

ಕಾಸರಗೋಡಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಹುಡುಗನೊಬ್ಬ ಕಂಪ್ಯೂಟರ್ ಪಾಠಕ್ಕೆ ಕುಳಿತರೆ ಅವನ ಮುಂದೆ ತೆರೆದುಕೊಳ್ಳುವುದು ವಿಂಡೋಸ್ ಅಲ್ಲ, ಲಿನಕ್ಸ್. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳದ್ದೆಲ್ಲ ಇದೇ ಕಥೆ. ಇದರ ಹಿಂದೆ ಒಂದು ರಾಜಕೀಯವೂ ಇದೆ.

ಕಂಪ್ಯೂಟರ್ ಎಂದರೆ ಎಡಪಕ್ಷಗಳಿಗೆ ಒಂದು ಕಾಲದಲ್ಲಿ ಅನ್ನ ಕಸಿಯುವ ಯಂತ್ರ. 1980ರ ದಶಕದಲ್ಲಿ ಬ್ಯಾಂಕು, ವಿಮಾ ಕಚೇರಿಗಳ ನೌಕರ ಸಂಘಗಳು ಅದನ್ನು ಒಳಗೆ ಬಿಟ್ಟುಕೊಳ್ಳಲು ಒಪ್ಪಲಿಲ್ಲ. ಆ ವಿರೋಧ ಸೋತಿತು. ಆದರೆ ಎರಡು ದಶಕಗಳ ಬಳಿಕ ಅದೇ ಬಳಗ ಬೇರೊಂದು ಪ್ರಶ್ನೆ ಹಿಡಿದು ಬಂತು: ಕಂಪ್ಯೂಟರ್ ಬರಲಿ, ಅದರೊಳಗಿನ ತಂತ್ರಾಂಶದ ಒಡೆಯ ಯಾರು?

ಈ ಪ್ರಶ್ನೆಯ ಮೂಲಪುರುಷ ರಿಚರ್ಡ್ ಸ್ಟಾಲ್ಮನ್. ಅಮೆರಿಕದ ಎಂಐಟಿಯಲ್ಲಿದ್ದ ಈತ 1983ರಲ್ಲಿ 'ಗ್ನೂ' ಎಂಬ ಸ್ವತಂತ್ರ ಕಾರ್ಯಾಚರಣೆ ವ್ಯವಸ್ಥೆ ಕಟ್ಟುವುದಾಗಿ ಸಾರಿದ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಅದಕ್ಕೆ ಕೂಡಿಕೊಂಡಿತು. ಸ್ಟಾಲ್ಮನ್ ವಾದ ಸರಳ. ಯಂತ್ರಕ್ಕೆ ಕೊಟ್ಟ ಆಜ್ಞೆಗಳ ಮೂಲಪಾಠವನ್ನು ಓದುವ, ತಿದ್ದುವ, ಹಂಚುವ ಹಕ್ಕು ಬಳಸುವವನಿಗಿರಬೇಕು. ಇಲ್ಲವಾದರೆ ಅದು ಒಡೆಯನ ಬೆನ್ನ ಹಿಂದೆ ಏನು ಮಾಡುತ್ತದೆ, ಏನನ್ನು ಯಾರಿಗೆ ಕಳಿಸುತ್ತದೆ ಎಂಬುದು ತಿಳಿಯುವುದೇ ಇಲ್ಲ. ಬೀಗ ಮಾಡಿದವನು ಇನ್ನೊಂದು ಕೀಲಿ ಇಟ್ಟುಕೊಂಡಿದ್ದಾನೆಯೇ ಎಂದು ಮನೆಯವನು ಕೇಳಬಾರದೆಂದರೆ ಹೇಗೆ? ಖಾಸಗಿತನದ ಮಾತು ಇಲ್ಲಿಂದಲೇ ಶುರು.

ಇದನ್ನು ಕಮ್ಯುನಿಸಂ ಎಂದು ಕರೆದವರು ಕಮ್ಯುನಿಸ್ಟರಲ್ಲ! 2000ದಲ್ಲಿ ಮೈಕ್ರೋಸಾಫ್ಟ್‌ನ ಸ್ಟೀವ್ ಬಾಮರ್ ಲಿನಕ್ಸ್‌ನಲ್ಲಿ ಕಮ್ಯುನಿಸಂನ ಲಕ್ಷಣ ಕಂಡರು. 2005ರಲ್ಲಿ ಬಿಲ್ ಗೇಟ್ಸ್ ಬೌದ್ಧಿಕ ಆಸ್ತಿಯ ಟೀಕಾಕಾರರನ್ನು ಹೊಸ ಕಾಲದ ಕಮ್ಯುನಿಸ್ಟರೆಂದರು. ಸ್ಟಾಲ್ಮನ್ ಆ ಬಿರುದನ್ನು ಒಪ್ಪಿದವರಲ್ಲ. ಆದರೆ ಕೇರಳದಲ್ಲಿ ಅದು ಬೈಗುಳವೇ ಅಲ್ಲವಲ್ಲ.

2001ರ ಜುಲೈನಲ್ಲಿ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದು ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನಕ್ಕೆ ಚಾಲನೆ ಕೊಟ್ಟರು. ಆಗ ಅಧಿಕಾರದಲ್ಲಿದ್ದುದು ಕಾಂಗ್ರೆಸ್ ನೇತೃತ್ವದ ರಂಗ. 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭವಾದದ್ದೂ ಆ ವರ್ಷವೇ, ಮೊದಲಿಗೆ ವಿಂಡೋಸ್ ಮೇಲೆ. ಒಂದು ಕಂಪನಿಯ ಸರಕನ್ನೇ ಪಾಠವೆಂದು ಕಲಿಸುವುದೇ ಎಂದು ಎಡ ಒಲವಿನ ಅಧ್ಯಾಪಕರ ಸಂಘ ತಕರಾರು ತೆಗೆಯಿತು. 2006ರಲ್ಲಿ ವಿ.ಎಸ್. ಅಚ್ಯುತಾನಂದನ್ ಮುಖ್ಯಮಂತ್ರಿಯಾದ ಮೇಲೆ ಸ್ವತಂತ್ರ ತಂತ್ರಾಂಶ ಸರ್ಕಾರದ ನೀತಿಯಾಯಿತು. ಕೆಲವೇ ವರ್ಷಗಳಲ್ಲಿ ಶಾಲೆಗಳು ಪೂರ್ತಿ ಲಿನಕ್ಸ್‌ಗೆ ಹೊರಳಿದವು. 2019ರಲ್ಲಿ ಯೋಜನೆಯ ಸಂಸ್ಥೆ 'ಕೈಟ್' ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಪರವಾನಗಿ ಶುಲ್ಕ ತೆರದೆ 3,000 ಕೋಟಿ ರೂಪಾಯಿ ಉಳಿಯುತ್ತದೆಂದು ಹೇಳಿಕೊಂಡಿತು. ಲೆಕ್ಕ ಸಂಸ್ಥೆಯದೇ, ಆದರೂ ಸಣ್ಣ ರಾಜ್ಯಕ್ಕೆ ಸಣ್ಣ ಮಾತಲ್ಲ.

ಒಡೆತನದ ಪ್ರಶ್ನೆಗೆ ಹೀಗೆ ಒಂದು ಉತ್ತರ ಸಿಕ್ಕಿತು. ಖಾಸಗಿತನದ್ದು ಅಷ್ಟು ಸುಲಭವಾಗಿರಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಪ್ಯಾನ್ ಕಾರ್ಡಿಗೆ ಆಧಾರ್ ಜೋಡಿಸುವುದನ್ನು ಪ್ರಶ್ನಿಸಿದವರಲ್ಲಿ ಕೇರಳದ ಸಿಪಿಐ ನಾಯಕ, ಅಚ್ಯುತಾನಂದನ್ ಸಂಪುಟದಲ್ಲಿ ಅರಣ್ಯ ಸಚಿವರಾಗಿದ್ದ ಬಿನೋಯ್ ವಿಶ್ವಂ ಒಬ್ಬರು. 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಎಡಪಕ್ಷಗಳು ಸ್ವಾಗತಿಸಿದವು.

ಮೂರು ವರ್ಷ ಕಳೆಯುವಷ್ಟರಲ್ಲಿ ಕಟಕಟೆಯಲ್ಲಿ ನಿಂತದ್ದು ಎಡ ಸರ್ಕಾರವೇ. 2020ರ ಕೋವಿಡ್ ದಿನಗಳಲ್ಲಿ ಪಿಣರಾಯಿ ವಿಜಯನ್ ಸರ್ಕಾರ, ಕ್ವಾರಂಟೈನ್‌ನಲ್ಲಿದ್ದವರ ಆರೋಗ್ಯದ ವಿವರಗಳನ್ನು ನಿಭಾಯಿಸಲು ಅಮೆರಿಕದ ಸ್ಪ್ರಿಂಕ್ಲರ್ ಕಂಪನಿಯೊಡನೆ ಕೈಜೋಡಿಸಿತು. ಮಾಹಿತಿ ಭಾರತದ ಸರ್ವರ್‌ಗಳಲ್ಲೇ ಇದೆ, ಕಂಪನಿ ಸದ್ಯಕ್ಕೆ ಪುಕ್ಕಟೆಯಾಗಿ ಕೆಲಸ ಮಾಡುತ್ತಿದೆ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಒಪ್ಪಂದದಲ್ಲಿ ವ್ಯಾಜ್ಯ ಬಂದರೆ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋಗಬೇಕೆಂದಿದ್ದುದು ವಿರೋಧಪಕ್ಷಕ್ಕೆ ಹಬ್ಬವಾಯಿತು. ಮಿತ್ರಪಕ್ಷ ಸಿಪಿಐ ಕೂಡ ಮುಖ ಗಂಟಿಕ್ಕಿತು. ಹುಡುಗರ ಪಾಠಕ್ಕೆ ವಿದೇಶಿ ಕಂಪನಿಯ ತಂತ್ರಾಂಶ ಬೇಡವೆಂದವರು ಅವರ ಅಜ್ಜಅಜ್ಜಿಯರ ಕಾಯಿಲೆಯ ಪಟ್ಟಿಯನ್ನು ಇನ್ನೊಂದು ವಿದೇಶಿ ಕಂಪನಿಗೆ ಒಪ್ಪಿಸಿದ್ದು ಸಾಮಾನ್ಯ ಎಡವಟ್ಟಲ್ಲ. ಮೂಲಪಾಠ ಯಾರದು ಎಂದು ಅಷ್ಟು ಜಾಗರೂಕತೆಯಿಂದ ಕೇಳಿದವರಿಗೆ ಮಾಹಿತಿ ಯಾರ ಕೈಯಲ್ಲಿ ಎಂದು ಕೇಳಲು ತುರ್ತಿನಲ್ಲಿ ಪುರುಸೊತ್ತಾಗಲಿಲ್ಲ.

ಏಪ್ರಿಲ್ 24ರಂದು ಕೇರಳ ಹೈಕೋರ್ಟ್ ಮಧ್ಯಂತರ ಆದೇಶ ನೀಡಿತು: ಜನರ ಗುರುತು ಅಳಿಸಿದ ಮೇಲಷ್ಟೇ ಮಾಹಿತಿ ಕಂಪನಿಗೆ ಸಿಗಬೇಕು, ಮುಂದೆ ವಿವರ ಪಡೆಯುವಾಗ ಅದನ್ನು ಮೂರನೆಯವರು ನೋಡಬಹುದೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಮೇ ತಿಂಗಳಲ್ಲಿ ಸರ್ಕಾರ, ಮಾಹಿತಿಯನ್ನೆಲ್ಲ ತನ್ನದೇ ಸಿ-ಡಿಟ್ ಸಂಸ್ಥೆಯ ಸುಪರ್ದಿಗೆ ತಂದಿರುವುದಾಗಿ ನ್ಯಾಯಾಲಯಕ್ಕೆ ಪ್ರಮಾಣಪತ್ರ ಸಲ್ಲಿಸಿತು.